ಅಪ್ಪ ಮಲಗಿದ್ದಾರೆ

ಮದ್ರಾಸಿನ ಪಲ್ಲಾವರಂನ ನಮ್ಮ ಬ್ಯಾಂಕಿನಲ್ಲಿ ಬೆಳಿಗ್ಗೆ ನಾನು ಒತ್ತಿದ ಸೀಲು ಕಪ್ಪಗೆ, ದುಂಡಗೆ, ತಾರೀಖು ಸಮೇತ ಎದ್ದು ಕಾಣುತ್ತದೆ. ಊಟವಾದ ಮೇಲೆ ಒತ್ತಿದ್ದು ಮಂಕು. ಒಮ್ಮೆ ಆಡಿಟ್‌ಗೆ ಬಂದವರೊಬ್ಬರು ಮಧ್ಯಾಹ್ನದ ಚಲನ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಇಂಕ್ ಪ್ಯಾಡ್ ಬದಲಿಸಿ ಮೇಡಂ ಅಂದರು. ಹೊಸ ಪ್ಯಾಡ್ ಬಂತು. ಬೆಳಿಗ್ಗೆ ಕಪ್ಪು, ಮಧ್ಯಾಹ್ನ ಮತ್ತೆ ಮಂಕು. ಪಾಪ, ಪ್ಯಾಡಿನದೇನೂ ತಪ್ಪಿರಲಿಲ್ಲ. ಊಟವಾದ ಮೇಲೆ ನನ್ನ ಕೈ ಯಾವುದನ್ನೂ ಟಪ್ ಎಂದು ಕುಟ್ಟಲು ಒಪ್ಪುವುದಿಲ್ಲ, ಅಷ್ಟೇ.

ದನಿಯ ಕಥೆಯೂ ಅದೇ. ಬೆಳಿಗ್ಗೆ ನಾನು ಟೋಕನ್ ನಂಬರ್ ಕೂಗಿದರೆ ಹೊರಗೆ ಸ್ಕೂಟರ್ ನಿಲ್ಲಿಸುತ್ತಿರುವವರಿಗೂ ಕೇಳುತ್ತದೆ. ಮಧ್ಯಾಹ್ನ ಕೌಂಟರಿನ ಎದುರು ನಿಂತವರು ಕಿವಿ ಮುಂದೆ ಮಾಡಿ ಬಗ್ಗಬೇಕು. ಪೆನ್ಷನ್‌ಗೆ ಬರುವ ಹಿರಿಯರೊಬ್ಬರು ಹಾಗೆ ಬಗ್ಗಿ ಬಗ್ಗಿ ಸಾಕಾಗಿ, "ಎನ್ನಮ್ಮಾ, ರಗಸಿಯಮಾ?" ಎಂದು ತಾವೂ ಪಿಸುಗುಟ್ಟಿದರು. ಅವರ ಖಾತೆಯಲ್ಲಿ ಎಷ್ಟಿದೆ ಎಂಬುದು ರಹಸ್ಯವೇ ತಾನೇ ಎಂದು ನಕ್ಕು ಪಾರಾದೆ.

ಇಷ್ಟೇ ಆಗಿದ್ದರೆ ಇದೊಂದು ವಿಚಿತ್ರ ಅಭ್ಯಾಸ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನನ್ನ ಕಾಟ ಅಲ್ಲಿಗೆ ನಿಲ್ಲುವುದಿಲ್ಲ. ರಜಾ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಮುಚ್ಚಳ ಕೆಳಗೆ ಬಿದ್ದು ಗಿರಗಿರನೆ ತಿರುಗಿತೆಂದರೆ ಸಾಕು, ಎಲ್ಲೋ ಯಾರಿಗೋ ಏನೋ ಆಗಿಹೋಯಿತು ಎಂದು ಖಾತ್ರಿಯಾಗುತ್ತದೆ. ಕೂಡಲೇ ಮಾಧವರಂನಲ್ಲಿ ಕೆಲಸ ಮಾಡುವ ಗಂಡನಿಗೆ ಫೋನು. ಮೈಸೂರು ಕಡೆಯ ರೈಲ್ವೆ ಮನೆತನದವರು ಅವರು, ಎಂಜಿನ್ ಶಂಟಿಂಗ್ ಸದ್ದಿನಲ್ಲೇ ಗೊರಕೆ ಹೊಡೆದು ಬೆಳೆದವರು. ಅವರಿಗೆ ನನ್ನ ಸಂಕಟ ಅರ್ಥವಾಗುವುದಾದರೂ ಹೇಗೆ?

"ಕೈ ಸರಿ ಇದೆಯಲ್ಲ?" ಎನ್ನುತ್ತೇನೆ.

"ಯಾವ ಕೈ ಕಣೆ?" ಎನ್ನುತ್ತಾರೆ ಅವರು. "ಎರಡೂ ಇವೆ. ಈಗ ಮೀಟಿಂಗ್‌ನಲ್ಲಿದೀನಿ, ಇಡ್ಲಾ?"

ಒಮ್ಮೆ ಎದೆ ಹೊಡೆದುಕೊಳ್ಳುವುದು ತೀರಾ ಜಾಸ್ತಿಯಾಗಿ ನಮ್ಮ ಪೋರೂರಿನ ಆಸ್ಪತ್ರೆಯೊಂದಕ್ಕೆ ಹೋದೆ. ಎದೆಗೆ ವಯರು ಅಂಟಿಸಿ, ರಕ್ತ ತೆಗೆದು, ಎಲ್ಲ ನಾರ್ಮಲ್ ಎಂದರು. ಮೃದು ಮಾತಿನ ಡಾಕ್ಟರಮ್ಮ ಕೊನೆಗೆ ಪೆನ್ನು ಕೆಳಗಿಟ್ಟು, ಇದು ಆತಂಕ, ಚಿಕ್ಕಂದಿನಲ್ಲಿ ಯಾವುದಕ್ಕಾದರೂ ಹೆದರಿದ್ದಿರಾ ಎಂದು ಕೇಳಿದರು. ನನಗೆ ನಗುವೇ ಬಂತು. ಒಂದು ದಿನವೂ ಕೈ ಎತ್ತದ ಅಪ್ಪ, ಬಿಸಿಬಿಸಿ ಬಡಿಸುವ ಅಮ್ಮ, ಹೋಟೆಲಿನಿಂದ ಕಾಗದದಲ್ಲಿ ಸುತ್ತಿ ಬರುತ್ತಿದ್ದ ಗೋಳಿಬಜೆ. ಹೆದರಲು ಅದರಲ್ಲೇನಿದೆ? ಏನೂ ಇಲ್ಲ ಡಾಕ್ಟರ್, ನಮ್ಮದು ತುಂಬ ಶಾಂತವಾದ ಮನೆ ಎಂದೆ. ಎಷ್ಟು ನಿಜ ಹೇಳಿದ್ದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಅಪ್ಪ ಉಡುಪಿ ಕಡೆಯಿಂದ ಬಂದು ಮಾಂಬಲಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಗೆ ಸೇರಿದವರು. ಸಾಂಬಾರು, ಸಾರು, ಪಲ್ಯ ಅವರ ಪಾಲಿಗೆ. ಬೆಳಕು ಹರಿಯುವ ಮೊದಲೇ ಎದ್ದು ಹೋಗುವರು, ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಮನೆಗೆ ಬಂದು ಮಲಗುವರು, ಸಂಜೆ ಟಿಫನ್ ಹೊತ್ತಿಗೆ ಮತ್ತೆ ಹೋಗುವರು. ಹೋಟೆಲಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಪೋರ್ಷನ್ನು. ಪೋರ್ಷನ್ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ. ಆ ಕೋಣೆಯಲ್ಲಿ ಅಪ್ಪ ಮಲಗಿದರೆ ಇಡೀ ಮನೆಯೇ ಮಲಗಿದ ಹಾಗೆ. ನನ್ನ ಶಾಲೆಯ ಚಿಕ್ಕ ತರಗತಿಗಳು ಮಧ್ಯಾಹ್ನಕ್ಕೇ ಬಿಡುತ್ತಿದ್ದವು. ಬಂದವಳು ಸಂಜೆಯವರೆಗೆ ಆ ಕೋಣೆಯಲ್ಲಿ ಇದ್ದೂ ಇಲ್ಲದವಳಂತೆ ಇರಬೇಕಿತ್ತು.

ಅದರಲ್ಲಿ ನಾನು ಪಳಗಿಬಿಟ್ಟಿದ್ದೆ. ಲೋಟ ಕೆಳಗಿಡುವಾಗ ಮೊದಲು ಕಿರುಬೆರಳು ನೆಲಕ್ಕೆ ತಾಗಿಸಿ, ಅದರ ಮೇಲೆ ಲೋಟ ಇಟ್ಟು, ಆಮೇಲೆ ಬೆರಳು ಎಳೆದುಕೊಳ್ಳುವುದು. ಸೀನು ಬಂದರೆ ದಿಂಬು. ಕೆಮ್ಮು ಬಂದರೆ ಓಣಿಯ ತುದಿಯ ಕೊಳಾಯಿ ತನಕ ಓಟ. ಬಾಗಿಲನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ತಳ್ಳಿದರೆ ಕಿರ್ ಎನ್ನುವುದಿಲ್ಲ. ನಗು ಮಾತ್ರ ದೊಡ್ಡ ತೊಂದರೆ, ಅದು ಹೇಳಿ ಕೇಳಿ ಬರುವುದಲ್ಲ. ಅದಕ್ಕೆ ಲಂಗದ ಅಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಅಮ್ಮ ಹೊಸಿಲಲ್ಲಿ ಕಾವಲು ಕೂರುತ್ತಿದ್ದಳು. ಮದ್ರಾಸಿಗೆ ಬಂದು ಅವಳು ಕಲಿತ ಮೊದಲ ತಮಿಳು ಮಾತು 'ಮೆದುವಾ', ಮೆಲ್ಲಗೆ ಎಂದು. ಎರಡನೆಯದು 'ತೂಂಗರಾರ್', ಮಲಗಿದ್ದಾರೆ ಎಂದು. ಈ ಎರಡು ಮಾತಿನ ಬಂಡವಾಳದಲ್ಲಿ ಅವಳು ಇಡೀ ಬೀದಿಯನ್ನು ಆಳಿದಳು. ತಳ್ಳುಗಾಡಿಯಲ್ಲಿ ಉಪ್ಪು ಮಾರುವವನು ತಿರುವಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಓಡಿಹೋಗಿ ಕೈ ಮುಗಿಯುತ್ತಿದ್ದಳು. ಕೊನೆಕೊನೆಗೆ ಅವನು ನಮ್ಮ ಮನೆಯ ಮುಂದೆ ಬಂದಾಗ ಉಪ್ಪೂ ಎನ್ನುವುದನ್ನು ಬಿಟ್ಟು ಸುಮ್ಮನೆ ತಲೆ ಆಡಿಸಿ ಹೋಗುವುದನ್ನು ರೂಢಿ ಮಾಡಿಕೊಂಡ.

ಇಷ್ಟೆಲ್ಲ ಯಾಕೆ ಎಂದು ನಾನು ಕೇಳಿದ್ದುಂಟು. ಅಮ್ಮ ಗದರಲಿಲ್ಲ. ಹತ್ತಿರ ಕೂರಿಸಿಕೊಂಡು ನಿಜ ಸಂಗತಿ ಎಂಬಂತೆ ಹೇಳಿದಳು. ನಾನು ಕೈಗೂಸಾಗಿದ್ದಾಗ ಒಂದು ಮಧ್ಯಾಹ್ನವಿಡೀ ಅತ್ತೆನಂತೆ. ಅಪ್ಪನಿಗೆ ಕಣ್ಣು ಮುಚ್ಚಲಾಗಲಿಲ್ಲವಂತೆ. ಸಂಜೆ ತೂಕಡಿಸುತ್ತ ಸಾಂಬಾರಿನ ಹಂಡೆ ಇಳಿಸುವಾಗ ಕೈ ಜಾರಿ, ಮುಂಗೈಯಿಂದ ಮೊಣಕೈವರೆಗೆ ಸುಟ್ಟುಹೋಯಿತಂತೆ. ಆ ಗಾಯದ ಗುರುತು ನನಗೆ ಗೊತ್ತಿತ್ತು. ಅಪ್ಪನ ಬಲಗೈಯ ಚರ್ಮ ಅಲ್ಲಿ ನುಣ್ಣಗೆ, ರೋಮವಿಲ್ಲದೆ, ಸ್ವಲ್ಪ ಹೊಳೆಯುತ್ತಿತ್ತು. ಆ ದಿನದಿಂದ ಅಪ್ಪ ಗೋಳಿಬಜೆ ಮುರಿದು ನನ್ನ ಬಾಯಿಗೆ ಹಾಕುವಾಗಲೆಲ್ಲ ನಾನು ಬಜೆಯನ್ನು ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದೆ. ಇದು ನಾನು ಮಾಡಿದ್ದು ಎಂದುಕೊಳ್ಳುತ್ತಿದ್ದೆ. ನನಗೆ ಆಗ ಆರೋ ಏಳೋ ವಯಸ್ಸು.

ಅಮ್ಮನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಭಾಷೆ ಬಾರದ ಊರು, ಪಕ್ಕದಲ್ಲಿ ನಮ್ಮವರು ಎನ್ನುವವರಿಲ್ಲ, ಇರುವ ಒಬ್ಬ ಗಂಡ ದಿನವಿಡೀ ಬೆಂಕಿಯ ಎದುರು. ಅವಳ ಕೈಯಲ್ಲಿ ಕಾಪಾಡಲು ಇದ್ದದ್ದು ಅವನ ನಿದ್ದೆ ಒಂದೇ. ಅದನ್ನು ಕಾಪಾಡಿದಳು. ನನ್ನನ್ನೂ ಆ ಕೆಲಸಕ್ಕೆ ಸೇರಿಸಿಕೊಂಡಳು.

ನಾನು ದೊಡ್ಡವಳಾದೆ, ಬ್ಯಾಂಕಿಗೆ ಸೇರಿದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಅಪ್ಪ ಹೋಟೆಲ್ ಕೆಲಸ ಬಿಟ್ಟ ಮೇಲೆ ಇಬ್ಬರನ್ನೂ ಪೋರೂರಿನ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದೆ. ಈಗ ಅಪ್ಪ ಒಲೆಯ ಹತ್ತಿರ ಹೋಗುವುದು ಕಾಫಿ ಆಯಿತೇ ಎಂದು ಇಣುಕುವುದಕ್ಕೆ ಮಾತ್ರ. ಆದರೂ ಮಧ್ಯಾಹ್ನದ ನಿದ್ದೆ ಬಿಟ್ಟಿಲ್ಲ. ಹಾಲ್‌ನಲ್ಲಿ ಮಂಚ, ಫ್ಯಾನಿನ ಕೆಳಗೆ ಅಪ್ಪ. ರಜಾ ದಿನ ಅವರು ಅಡ್ಡಾದರೋ ಇಲ್ಲವೋ, ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡು ಮನೆಯೆಲ್ಲ ತಿರುಗುತ್ತೇನೆ. ಮಿಕ್ಸಿ ಇಲ್ಲ, ಟೀವಿ ಇಲ್ಲ, ಕರೆಗಂಟೆಯ ಸ್ವಿಚ್ಚು ಆಫ್.

ಮಗಳಿಗೆ ಈಗ ಎಂಟು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಎಷ್ಟು ಒಳ್ಳೆಯ ಮಗು, ಸದ್ದೇ ಇಲ್ಲವಲ್ಲ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ನಾನು ಹೆಮ್ಮೆಯಿಂದ ಉಬ್ಬುತ್ತಿದ್ದೆ. ಎಂಟು ವರ್ಷದ ಮಗು ಸದ್ದಿಲ್ಲದೆ ಇರುವುದು ಹೆಮ್ಮೆ ಪಡುವ ಸಂಗತಿಯೇ ಎಂಬ ಪ್ರಶ್ನೆ ನನ್ನ ತಲೆಗೆ ಹೋಗಲೇ ಇಲ್ಲ.

ಒಂದು ಭಾನುವಾರ ಊಟವಾಗಿತ್ತು. ಗಂಡ ಆಫೀಸಿನ ತುರ್ತು ಎಂದು ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಹಿಡಿದು, ಸದ್ದು ಬಾರದ ಹಾಗೆ ಕಟ್ಟೆ ಒರೆಸುತ್ತಿದ್ದೆ. ಹಿಂದೆ ಯಾರೋ ನಿಂತಂತೆ ಅನ್ನಿಸಿ ತಿರುಗಿದೆ. ಮಗಳು. ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿದೆ, ಬಲಗೈಯ ಬೆರಳು ನನ್ನ ಕಡೆ ಚಾಚಿದ್ದಾಳೆ. ಬೀರುವಿನ ಬಾಗಿಲಿಗೆ ಸಿಕ್ಕಿ ಉಗುರು ಅರ್ಧ ಕಿತ್ತುಬಂದು ರಕ್ತ ಸೋರುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಅಜ್ಜನ ಮಂಚದ ಪಕ್ಕದಲ್ಲೇ ನಡೆದು ಬಂದಿದ್ದಾಳೆ. ಒಂದು ಸದ್ದು ಮಾಡಿಲ್ಲ.

"ಕೂಗ್ಬಾರ್ದಿತ್ತಾ? ಅಮ್ಮಾ ಅಂತ ಕರೀಬಾರ್ದಿತ್ತಾ?" ಎಂದೆ, ಬೆರಳನ್ನು ನಲ್ಲಿಯ ಕೆಳಗೆ ಹಿಡಿಯುತ್ತ. ಅದನ್ನೂ ಪಿಸುಮಾತಿನಲ್ಲೇ ಕೇಳಿದೆ, ನೋಡಿ ನನ್ನ ಬುದ್ಧಿ.

ಅವಳು ಬಾಯಿಯ ಮೇಲಿನ ಕೈ ತೆಗೆದು, ಬಿಕ್ಕುತ್ತ ಹೇಳಿದಳು: "ಅಜ್ಜ ತೂಂಗರಾರ್‌ಮ್ಮಾ. ಸತ್ತಂ ಪೋಟ್ಟಾ ಅವರ್ ಕೈ ಸುಟ್ಟುಡುಂ."

ಅಜ್ಜ ಮಲಗಿದ್ದಾರಮ್ಮ, ಸದ್ದು ಮಾಡಿದರೆ ಅವರ ಕೈ ಸುಟ್ಟುಹೋಗುತ್ತದೆ. ಯಾವ ಒಲೆ, ಯಾವ ಹಂಡೆ? ಆ ಮುದುಕರು ಸೌಟು ಹಿಡಿದು ವರ್ಷಗಳೇ ಆದವು. ಆದರೆ ಸದ್ದಾದರೆ ಆ ಕೈ ಸುಡುತ್ತದೆ ಎಂದು ನನ್ನ ಮಗಳಿಗೆ ಗೊತ್ತು, ನನಗೆ ಗೊತ್ತಿದ್ದ ಹಾಗೆಯೇ ಗೊತ್ತು. ಆಗ ನನ್ನೊಳಗೆ ಎದ್ದದ್ದು ಭಯವಲ್ಲ, ಸಿಟ್ಟು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ನಾನು ಕಿರುಚಿಬಿಟ್ಟೆ.

"ಯಾರು ಹೇಳಿದ್ದು ಇವಳಿಗೆ ಇದನ್ನ?"

ಹಾಲ್‌ನಲ್ಲಿ ಮಂಚ ಕಿರುಗುಟ್ಟಿತು. ಅಪ್ಪ ಪಂಚೆ ಸರಿಮಾಡಿಕೊಳ್ಳುತ್ತ ಬಂದರು. ಒಳಕೋಣೆಯಿಂದ ಅಮ್ಮ ಬಂದಳು. ಮಗಳ ಬೆರಳಿಗೆ ಬಟ್ಟೆ ಸುತ್ತುತ್ತ ನಾನು ನಡೆದದ್ದನ್ನು ಹೇಳಿದೆ.

"ನಾನೇ ಹೇಳಿದ್ದು," ಅಂದಳು ಅಮ್ಮ. "ಇದ್ದದ್ದನ್ನೇ ಹೇಳಿದ್ದು. ಕತೆ ಹೇಳು ಅಜ್ಜೀ ಅಂದ್ಳು, ಹೇಳಿದೆ. ಅವತ್ತು ಮಗು ಅತ್ತು ನಿಮ್ಗೆ ನಿದ್ದೆ ಇಲ್ದೆ ಕೈ ಸುಟ್ಕೊಂಡದ್ದು ಹೌದಾ ಅಲ್ವಾ, ನೀವೇ ಹೇಳಿ."

ಅಪ್ಪ ತಮ್ಮ ಬಲಗೈ ನೋಡಿಕೊಂಡರು. ಆಮೇಲೆ ಮಗಳ ಬೆರಳು. ಆಮೇಲೆ ನನ್ನ ಮುಖ. ಕತ್ತು ಕೆರೆದುಕೊಂಡರು.

"ಅದು ನಿದ್ದೆಯಿಂದ ಆದದ್ದಲ್ಲ ಮಾರಾಯ್ತಿ," ಎಂದರು.

"ಮತ್ತೆ ಎಂತದ್ರಿಂದ?" ಎಂದಳು ಅಮ್ಮ.

"ಪಂಥ."

ಆಮೇಲೆ ನಿಧಾನವಾಗಿ ಹೊರಗೆ ಬಂದ ಸಂಗತಿ ಇದು. ಸಾಂಬಾರಿನ ಹಂಡೆಯನ್ನು ಒಲೆಯಿಂದ ಇಳಿಸಲು ಯಾವಾಗಲೂ ಇಬ್ಬರು ಬೇಕು, ಆ ಕಡೆಯ ಕಿವಿ ಒಬ್ಬ, ಈ ಕಡೆಯ ಕಿವಿ ಒಬ್ಬ. ಆ ಸಂಜೆ ದೋಸೆ ಮಾಸ್ಟರ್ ಅಪ್ಪನ ತೆಳ್ಳಗಿನ ತೋಳು ನೋಡಿ ಏನೋ ಗೇಲಿ ಮಾಡಿದನಂತೆ. ನಾನೊಬ್ಬನೇ ಇಳಿಸ್ತೇನೆ ನೋಡು ಎಂದು ಅಪ್ಪ ಎದೆ ಉಬ್ಬಿಸಿದರಂತೆ. ಸೋತವನು ಒಂದು ವಾರ ಈರುಳ್ಳಿ ಸುಲಿಯಬೇಕು ಎಂದು ಪಂಥ. ಹಂಡೆ ಮೇಲೆದ್ದದ್ದು ನಿಜ. ಕೆಳಗೆ ಇಳಿಯುವಾಗ ಮಾತ್ರ ಅಪ್ಪನ ಮಾತು ಕೇಳಲಿಲ್ಲ.

"ಹೊಸದಾಗಿ ಸಂಸಾರ ಹೂಡಿದ್ದು, ಕೈಯಲ್ಲೊಂದು ಕೂಸು," ಎಂದರು ಅಪ್ಪ ಅಮ್ಮನನ್ನು ನೋಡದೆ. "ಪಂಥ ಕಟ್ಟಿ ಸುಟ್ಟುಕೊಂಡೆ ಅಂತ ಹೇಳಿದ್ರೆ ನೀನು ಮರುದಿನವೇ ಊರಿನ ಬಸ್ಸು ಹತ್ತುತ್ತಿದ್ದೆ. ಬಾಯಿಗೆ ಬಂದದ್ದು ಹೇಳಿದೆ. ನಿದ್ದೆ ಇರ್ಲಿಲ್ಲ ಅಂತ. ಅವತ್ತಿಗೆ ಅಷ್ಟೇ."

"ನಿದ್ದೆ ಇರ್ಲಿಲ್ವಾ ಹಾಗಾದ್ರೆ?"

"ಇತ್ತು. ಚೆಂದ ಬಂದಿತ್ತು. ಗ್ರೈಂಡರ್ ತಿರುಗುವಾಗ ಅದರ ಬುಡದಲ್ಲಿ ಅಕ್ಕಿ ಚೀಲದ ಮೇಲೆ ಮಲಗಿ ಬೆಳೆದವ ನಾನು. ಕೂಸು ಅತ್ರೆ ಏಳ್ತೇನಾ?"

ಅಮ್ಮನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಆಮೇಲೆ ಒಂದೇ ಸಲ ಸ್ಫೋಟ.

"ಆ ಉಪ್ಪಿನವನಿಗೆ ನಾನು ದಿನಾ ಕೈ ಮುಗಿದದ್ದು! ಎದುರು ಮನೆಯವರ ರೇಡಿಯೋ ಬಂದ್ ಮಾಡ್ಸಿ ಅವರು ನನ್ನ ಹತ್ರ ಮಾತು ಬಿಟ್ಟದ್ದು! ಮಧ್ಯಾಹ್ನ ಒಗ್ಗರಣೆ ಸಿಡೀಬಾರದು ಅಂತ ತಣ್ಣಗಿನ ಸಾರು ಉಂಡದ್ದು! ಒಂದು ಹಂಡೆ ಎತ್ತುವ ಶೋಕಿಗಾ ಇದೆಲ್ಲ? ನಿಮಗೆ ಬಾಯಿ ಇರ್ಲಿಲ್ವಾ ಹೇಳ್ಲಿಕ್ಕೆ?"

"ನಂಗೇನು ಗೊತ್ತು ನೀನು ಹೀಗೆಲ್ಲ ಮಾಡ್ತಿದ್ದಿ ಅಂತ? ನಾನು ಮಲಗಿರ್ತಿದ್ದೆ. ನಮ್ಮ ಮನೆಯವರೆಲ್ಲ ಶಾಂತ ಸ್ವಭಾವದವರು ಅಂತ ತಿಳ್ಕೊಂಡಿದ್ದೆ. ಹೋಟೆಲಲ್ಲಿ ಎಲ್ರ ಹತ್ರ ಹೇಳ್ತಿದ್ದೆ ಸಹ, ನನ್ನ ಮಗಳು ಬಾಯಿ ಬಿಡೂದೇ ಇಲ್ಲ, ಅಷ್ಟು ಸಾಧು ಅಂತ."

ಮಗಳಿಗೆ ಬೆರಳಿನ ನೋವು ಮರೆತುಹೋಗಿತ್ತು. ಅಜ್ಜ ಪಂಥದಲ್ಲಿ ಗೆದ್ದರೇ ಸೋತರೇ ಎಂದು ತಮಿಳಿನಲ್ಲಿ ವಿಚಾರಿಸುತ್ತಿದ್ದಳು. ಸೋತೆ, ಆದರೆ ಸುಟ್ಟ ಕೈ ನೋಡಿ ದೋಸೆ ಮಾಸ್ಟರನೇ ಈರುಳ್ಳಿ ಸುಲಿದ ಎಂದರು ಅಪ್ಪ. ನನಗೆ ನಗು ಬಂತು. ನಗುತ್ತಲೇ ಸಿಟ್ಟೂ ಬಂತು. ನನ್ನ ಅರ್ಧ ಆಯುಷ್ಯದ ಮಧ್ಯಾಹ್ನಗಳನ್ನು ಈ ಮನುಷ್ಯ ಒಂದು ಸಣ್ಣ ಸುಳ್ಳಿಗೆ ಕೊಟ್ಟುಬಿಟ್ಟು, ಅದನ್ನು ಮರೆತು, ಹಾಯಾಗಿ ನಿದ್ದೆ ಮಾಡಿದ್ದಾರೆ. ಹಾಗಂತ ಅವರಿಗೆ ಹೇಳಿಯೂಬಿಟ್ಟೆ. ಅಪ್ಪ ತಲೆ ತಗ್ಗಿಸಿದರು.

ಅಮ್ಮನ ಬೈಗುಳ ಯಾವಾಗ ನಿಂತಿತ್ತೋ ಗೊತ್ತಾಗಲಿಲ್ಲ. ನೋಡಿದರೆ ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು.

"ಇವಳನ್ನು ನಾನು ನಗ್ಲಿಕ್ಕೆ ಬಿಡ್ಲಿಲ್ಲ," ಎಂದಳು ಮೆಲ್ಲಗೆ, ಅಪ್ಪನಿಗೆ ಹೇಳುವಂತೆ. "ಬಾಯಿಗೆ ಲಂಗ ತುರುಕಿಕೊಳ್ತಿದ್ಳು. ನಾನು ನೋಡಿ ಸುಮ್ಮನಿದ್ದೆ. ಜಾಣೆ ಅಂತ ತಲೆ ಸವರ್ತಿದ್ದೆ."

ನಿಜ ಗೊತ್ತಾದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಮರುದಿನ ಬ್ಯಾಂಕಿನಲ್ಲಿ ಊಟ ಮುಗಿಸಿ, ಬೇಕೆಂದೇ ಗಟ್ಟಿ ಮನಸ್ಸು ಮಾಡಿ ಸೀಲು ಎತ್ತಿದೆ. ಚಲನ್ ಮೇಲೆ ಬಿದ್ದದ್ದು ಅದೇ ಮಂಕು ವೃತ್ತ. ಅಪ್ಪನ ಕೈ ಸುಟ್ಟದ್ದು ನನ್ನಿಂದಲ್ಲ ಎಂದು ನನ್ನ ತಲೆಗೆ ಭಾನುವಾರವೇ ತಿಳಿದಿತ್ತು, ಮುಂಗೈಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಹೋಗಲಿ, ನನ್ನದು ಹೀಗೇ ಇದ್ದುಕೊಳ್ಳಲಿ. ನನಗೆ ದಿಗಿಲು ಹತ್ತಿದ್ದು ಮಗಳದ್ದು ನೆನೆದು. ಅವಳದ್ದು ಇನ್ನೂ ಎಂಟು ವರ್ಷದ ಮುಂಗೈ.

ಆ ವಾರ ಅಮ್ಮ ಎರಡು ಮೂರು ಸಲ ನೆನಪಿಸಿದಳು, ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಚೆನ್ನೆಮಣೆ ಸಿಗುತ್ತದಾ ನೋಡು ಎಂದು. ಬ್ಯಾಂಕು ಬಿಟ್ಟ ಮೇಲೆ ಹಳೆಯ ಟೇಪ್‌ರೆಕಾರ್ಡರು, ಗಿಡದ ಕುಂಡ, ನಾಯಿಮರಿಗಳ ನಡುವೆ ಹುಡುಕಿ ಹುಡುಕಿ ಒಂದನ್ನು ಹಿಡಿದೆ. ಮರದ ಮಣೆ, ಎರಡು ಸಾಲು ಗುಳಿ, ಜೊತೆಗೆ ಒಂದು ಚೀಲ ಕವಡೆ. ಹುಣಿಸೆಬೀಜ ಕೊಡಲಾ, ಅದು ಸದ್ದು ಮಾಡುವುದಿಲ್ಲ ಎಂದ ಅಂಗಡಿಯವನು. ಕವಡೆಯೇ ಬೇಕು ಎಂದು ಅಮ್ಮ ಮೊದಲೇ ಹೇಳಿ ಕಳಿಸಿದ್ದಳು.

ಭಾನುವಾರ ಊಟವಾಯಿತು. ಅಪ್ಪ ಮಂಚದ ಮೇಲೆ ಅಡ್ಡಾದರು. ಅಮ್ಮ ಸೊಂಟ ಹಿಡಿದುಕೊಂಡು ಆ ಮಂಚದ ಬುಡದಲ್ಲೇ, ಬರಿಯ ನೆಲದ ಮೇಲೆ ಕೂತು, ಚೀಲವನ್ನು ಬೋರಲು ಹಾಕಿದಳು. ಅಷ್ಟೂ ಕವಡೆ ಟೈಲ್ಸ್ ಮೇಲೆ ಚೆಲ್ಲಿದ ಆ ಸದ್ದಿಗೆ ಅಡುಗೆಮನೆಯಲ್ಲಿದ್ದ ನಾನು ತೊಳೆಯುತ್ತಿದ್ದ ತಟ್ಟೆಯನ್ನು ಸದ್ದಾಗದಂತೆ ಎದೆಗೆ ಅವಚಿಕೊಂಡೆ. ಆಟ ಶುರುವಾಯಿತು. ಅಮ್ಮ ಗುಳಿಯಿಂದ ಗುಳಿಗೆ ಕವಡೆಯನ್ನು ಹಾಕುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಮೊದಮೊದಲು ಮಗಳು ಅಜ್ಜನ ಕಡೆ ನೋಡುತ್ತ ಒಂದೊಂದೇ ಕವಡೆಯನ್ನು ಮೆಲ್ಲಗೆ ಇಟ್ಟಳು. ಆಮೇಲೆ ಆಟ ಏರಿತು. ಅಮ್ಮ ಒಂದಿಷ್ಟೂ ದಾಕ್ಷಿಣ್ಯ ತೋರಿಸದೆ ಗುಳಿ ಗುಳಿ ಬಾಚಿ ತನ್ನ ಮಡಿಲಿಗೆ ಹಾಕಿಕೊಂಡಳು. ಕೊನೆಯ ಕವಡೆಯೂ ಹೋದಾಗ ಮಗಳ ಮುಖ ಕೆಂಪಾಯಿತು, ತುಟಿ ನಡುಗಿತು, ಆಮೇಲೆ ಬಾಯಿ ಇಷ್ಟಗಲ ತೆರೆಯಿತು.

ಎಂಥ ಅಳು ಅದು! ಕಟ್ಟಡದ ಮೂರು ಮಹಡಿಗೂ ಕೇಳಿರಬೇಕು. ನಾನು ಒದ್ದೆ ಕೈಯಲ್ಲೇ ಓಡಿಬಂದೆ, ತುಟಿಯ ಮೇಲೆ ಬೆರಳು, ಬಾಯಲ್ಲಿ ಆಗಲೇ ಶ್ ಎಂಬ ಸದ್ದು. ಅಪ್ಪ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು, ಅಲ್ಲಾಡಲಿಲ್ಲ. ಅಮ್ಮ ಕೈ ಅಡ್ಡ ಮಾಡಿ ನನ್ನನ್ನು ತಡೆದಳು.

"ನೀನು ಸುಮ್ಮನಿರು," ಎಂದಳು. "ನಿನ್ನನ್ನಂತೂ ಅಳ್ಲಿಕ್ಕೆ ಬಿಡ್ಲಿಲ್ಲ ನಾನು. ಇವಳಾದರೂ ಅಳಲಿ."

ನಾನು ಬೆರಳು ಇಳಿಸಿದೆ. ಯಾರಿಗೋ ಏನೋ ಆಗಿಹೋಯಿತು ಎಂದು ಈಗಲೂ ಅನ್ನಿಸುತ್ತಲೇ ಇತ್ತು. ಗೋಡೆಗೆ ಒರಗಿ ಅಮ್ಮನ ಪಕ್ಕದಲ್ಲಿ ಕೂತೆ. ಮಗಳು ಅಳುತ್ತಲೇ ಇದ್ದಳು, ಮಧ್ಯಾಹ್ನದ ಹೊತ್ತಿನಲ್ಲಿ, ಮಲಗಿದ ಅಜ್ಜನ ತಲೆಯ ಹತ್ತಿರ, ಬಾಯಿ ಮುಚ್ಚಿಕೊಳ್ಳದೆ. ಅವಳು ಅತ್ತು ಮುಗಿಸುವವರೆಗೂ ನಾನು ಅಲ್ಲಿಂದ ಏಳಲಿಲ್ಲ.